ಹತ್ತನೇ ನಂಬರಿನ ಅಂಗಿ

ಜೂನ್ 8, 1987, ಸೋಮವಾರ

ನಕೂರುವಿನ ಪಂದ್ಯದ ಕಥೆಯನ್ನು ನನಗೆ ಮೊದಲು ಹೇಳಿದವನು ನಮ್ಮ ಕಾಲೇಜಿನ ಬಸ್ ಡ್ರೈವರ್ ಲಾರೆನ್ಸ್. ಹೇಳಿದ್ದು ನಿನ್ನೆ, ಭಾನುವಾರ ಬೆಳಿಗ್ಗೆ, ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು. ನಾಗಮಂಗಲದ ಕಡೆಯ ನಮ್ಮೂರಲ್ಲಿ ಕಥೆ ಯಾರ ಬಾಯಿಂದ ಬಂತು, ಯಾವತ್ತು ಬಂತು ಎಂದು ಹೇಳದೆ ಶುರುಮಾಡಿದರೆ ಕೇಳುವವರು ಎದ್ದು ಹೋಗುತ್ತಿದ್ದರು. ಈ ಪುಸ್ತಕವನ್ನು ಕೇಳುವವರು ಯಾರೂ ಇಲ್ಲ. ಆದರೂ ಅಭ್ಯಾಸ ಬಿಡುವುದಿಲ್ಲ.

ಬರೆಯಲು ಕೂತದ್ದಕ್ಕೆ ಕಾರಣ ಇಷ್ಟೇ. ಹತ್ತೊಂಬತ್ತು ವರ್ಷ ತರಗತಿಯಲ್ಲಿ ಕೂಗಿ ಕೂಗಿ ಗಂಟಲೊಳಗೆ ಗಂಟು ಬೆಳೆದಿತ್ತು. ಶುಕ್ರವಾರ ತೆಗೆದರು. ಹರ್ಲಿಂಗ್‌ಹ್ಯಾಮಿನಲ್ಲಿ ಕ್ಲಿನಿಕ್ ಇಟ್ಟಿರುವ ಸ್ನೇಹಿತ ಡಾಕ್ಟರ್ ಚಿದಾನಂದ ಆರು ವಾರ ಬಾಯಿ ಬಿಡಕೂಡದು ಎಂದಿದ್ದಾನೆ. "ಪಿಸುಗುಟ್ಟೋದೂ ಬೇಡ ಕಣಯ್ಯ, ಅದು ಕೂಗೋದಕ್ಕಿಂತ ಕೆಟ್ಟದ್ದು. ಮಾತಾಡಿದ್ಯೋ, ವಾಯ್ಸ್ ಪರ್ಮನೆಂಟಾಗಿ ಹೋಯ್ತು. ಆಮೇಲೆ ಪಾಠನೂ ಇಲ್ಲ, ನಿನ್ನ ಹರಟೆನೂ ಇಲ್ಲ." ಕಮಲಾಕ್ಷಿ ಮಕ್ಕಳ ಸ್ಲೇಟೊಂದಕ್ಕೆ ದಾರ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ಅವಳ ಮುಖದಲ್ಲಿ ಸ್ವಲ್ಪ ಸಂತೋಷವೂ ಇದ್ದಂತೆ ಕಂಡಿತು.

ಲಾರೆನ್ಸ್ ಹೇಳಿದ ಕಥೆ: ನಮ್ಮ ಕಾಲೇಜಿನ ರಗ್ಬಿ ತಂಡ ಶನಿವಾರ ನಕೂರುವಿನಲ್ಲಿ ಹನ್ನೊಂದು ಅಂಕ ಹಿಂದಿತ್ತು. ಇಪ್ಪತ್ತು ನಿಮಿಷ ಉಳಿದಿರುವಾಗ ವೆಕೆಸಾನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ವೆಕೆಸಾ ಎಂದರೆ ಹತ್ತನೇ ನಂಬರಿನವನು. ಚೆಂಡು ಕೈಗೆ ಬಂದ ಕ್ಷಣದಲ್ಲಿ ಓಡಬೇಕೋ, ಹಿಂದಿನವನಿಗೆ ಎಸೆಯಬೇಕೋ, ಒದೆಯಬೇಕೋ ಎಂದು ತೀರ್ಮಾನಿಸುವವನು ಅವನೇ. ಉಳಿದ ಹದಿನಾಲ್ಕು ಮಂದಿ ಅವನ ತೀರ್ಮಾನದ ಹಿಂದೆ ಓಡುತ್ತಾರೆ. ಈ ಆಟದಲ್ಲಿ ಗಾಯವಾದರೆ ಮಾತ್ರ ಬದಲಿ ಆಟಗಾರ ಇಳಿಯಬಹುದು. ಹಾಗಾಗಿ ಬೆಂಚಿನಲ್ಲಿದ್ದ ನಿಕೋಲಸ್ ಇಳಿದ. ಇಪ್ಪತ್ತು ನಿಮಿಷದಲ್ಲಿ ಮೂವರು ಮೂರು ಸಲ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತಿದರು. ಅದಕ್ಕೆ ಟ್ರೈ ಎನ್ನುತ್ತಾರೆ, ಸಲಕ್ಕೆ ನಾಲ್ಕು ಅಂಕ. ಒಂದು ಅಂಕದಿಂದ ಗೆದ್ದೆವು.

"ಆ ಮೂವರಲ್ಲಿ ನಿಕೊ ಇಲ್ಲ, ಮ್ವಾಲಿಮು," ಎಂದ ಲಾರೆನ್ಸ್. ಮ್ವಾಲಿಮು ಎಂದರೆ ಇಲ್ಲಿನ ಸ್ವಾಹಿಲಿಯಲ್ಲಿ ಮೇಷ್ಟ್ರು. "ಆದರೆ ಮೂರು ಸಲವೂ ಚೆಂಡು ಅವನ ಕೈಯಿಂದ ಹೋಯಿತು. ಹೀಗೆ." ಕಮಲಾಕ್ಷಿ ತಂದಿಟ್ಟಿದ್ದ ಬ್ರೆಡ್ಡಿನ ಪೊಟ್ಟಣವನ್ನೇ ಎದೆಗೊತ್ತಿಕೊಂಡು ಎಡಕ್ಕೆ ನೋಡಿ, ಎಡಕ್ಕೆ ಹೆಜ್ಜೆಯಿಟ್ಟು, ಬಲಕ್ಕೆ ನೋಡದೆಯೇ ಎಸೆದ. ಬ್ರೆಡ್ಡು ಹೋಗಿ ಗುಲಾಬಿ ಗಿಡದ ಬುಡಕ್ಕೆ ಬಿತ್ತು. "ಫೈನಲ್ಲಿಗೆ ಹೋದರೆ ಹತ್ತನೇ ಅಂಗಿ ನಿಕೊಗೆ ಕೊಡಿ."

ನಾನು ಸ್ಲೇಟಿನಲ್ಲಿ ದೊಡ್ಡದಾಗಿ ವೆಕೆಸಾ ಎಂದು ಬರೆದು ತೋರಿಸಿದೆ. ಒಂದು ದಿನದ ಬೆಳೆಯನ್ನು ನೋಡಿ ಮೂರು ವರ್ಷದ ಲೆಕ್ಕ ಬದಲಾಯಿಸುವ ಜಾಯಮಾನ ನನ್ನದಲ್ಲ.

ನಿಕೋಲಸ್ ನಮ್ಮ ಮಂಗಳೂರಿನ ಆಲ್ಫೋನ್ಸರ ಮಗ. ಮೂರನೇ ವರ್ಷ. ಒಂದು ಪಂದ್ಯವನ್ನೂ ಮೊದಲಿನಿಂದ ಆಡಿಲ್ಲ. ಆಯ್ಕೆ ಮಾಡುವವರು ಮೂವರು: ಕೋಚ್ ಕಿಮಾನಿ, ಹುಡುಗರ ಕ್ಯಾಪ್ಟನ್, ತಂಡದ ಉಸ್ತುವಾರಿ ಮೇಷ್ಟ್ರು, ಎಂದರೆ ಪೇಟ್ರನ್ ಆಗಿ ನಾನು. ಕಿಮಾನಿ ಯಾವಾಗಲೂ ವೆಕೆಸಾ ಎನ್ನುತ್ತಾನೆ, ಕ್ಯಾಪ್ಟನ್ ಯಾರೇ ಇರಲಿ ನಿಕೋಲಸ್ ಎನ್ನುತ್ತಾನೆ. ಹೀಗೆ ಹನ್ನೊಂದು ಸಲ ತೀರ್ಮಾನ ನನ್ನ ಮೇಲೆ ಬಿತ್ತು. ಹನ್ನೊಂದು ಸಲವೂ ನಾನು ವೆಕೆಸಾ ಎಂದೆ. ಇಲ್ಲದಿದ್ದರೆ ಮುಹಿಂದಿ ಮುಹಿಂದಿಯನ್ನೇ ಎತ್ತಿಕಟ್ಟಿದ ಎನ್ನುತ್ತಿದ್ದರು. ಇಂಡಿಯಾದವರನ್ನು ಇಲ್ಲಿ ಹಾಗೆ ಕರೆಯುವುದು. ಅಂಥ ಮಾತನ್ನು ಇದುವರೆಗೆ ನನ್ನ ಮುಂದೆ ಯಾರೂ ಆಡಿಲ್ಲ. ಇದಕ್ಕಿಂತ ಹೆಚ್ಚಿನ ಹೆಮ್ಮೆ ನನಗೆ ಯಾವುದೂ ಇಲ್ಲ.

ಜೂನ್ 10, ಬುಧವಾರ

ಸ್ಟಾಫ್ ರೂಮಿನಲ್ಲಿ ಹತ್ತು ಗಂಟೆಯ ಚಹಾಕ್ಕೆ ಹೋದೆ. ಸ್ಲೇಟಿನಲ್ಲಿ ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವರ ಮಾತು ಸಕ್ಕರೆಯಿಂದ ಸರ್ಕಾರಕ್ಕೆ ಹೋಗಿತ್ತು. ಬರೆದದ್ದನ್ನು ಒರಸಿದೆ. ಇಂದು ಒಟ್ಟು ಒಂಬತ್ತು ವಾಕ್ಯ ಒರಸಿದೆ.

ಜೂನ್ 14, ಭಾನುವಾರ

ಚಿದಾನಂದನ ಮನೆಯಲ್ಲಿ ಊಟ. ಆಲ್ಫೋನ್ಸ್, ಅವರ ಹೆಂಡತಿ ಜೂಡಿತ್, ಕಮಲಾಕ್ಷಿ, ನಾನು. ರಗ್ಬಿಯ ನಿಯಮ ಒಬ್ಬರಿಗೂ ಪೂರ್ತಿ ಗೊತ್ತಿಲ್ಲ. ಆದರೆ ಹತ್ತನೇ ನಂಬರು ಯಾರಿಗೆ ಎಂಬುದರಲ್ಲಿ ಎಲ್ಲರೂ ಪಂಡಿತರು.

"ವೆಕೆಸಾ ಕಣ್ರೀ. ಅರ್ಧ ಮೈದಾನದಿಂದ ಒದೀತಾನೆ," ಎಂದ ಚಿದಾನಂದ. "ಅವನ ಕಾಲಿಗೆ ಒಂದು ಎಕ್ಸ್‌ರೇ ತೆಗೀಬೇಕು, ಒಳಗೇನಿದೆ ಅಂತ."

"ನಮ್ಮ ನಿಕ್ಕಿಯೂ ಒದೀತಾನೆ ಡಾಕ್ಟ್ರೇ," ಎಂದರು ಜೂಡಿತ್. "ನಮ್ಮ ಗ್ಯಾರೇಜಿನ ಬಾಗಿಲು ನೋಡಿದ್ದೀರಲ್ಲ."

"ನೀನು ಸುಮ್ಮನಿರು," ಎಂದರು ಆಲ್ಫೋನ್ಸ್. ಆಮೇಲೆ ಕೊಂಕಣಿಯಲ್ಲಿ ಏನೋ ಸೇರಿಸಿದರು. ಜೂಡಿತ್ ಸಾರಿನ ಪಾತ್ರೆ ತೆಗೆದುಕೊಂಡು ಒಳಗೆ ಹೋದರು.

ಆಲ್ಫೋನ್ಸ್ ಇಂಡಸ್ಟ್ರಿಯಲ್ ಏರಿಯಾದ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಮ್ಯಾನೇಜರು. ಮಗನ ಪಂದ್ಯಕ್ಕೆ ಇದುವರೆಗೆ ಒಮ್ಮೆಯೂ ಬಂದಿಲ್ಲ. ಬಂದರೆ ಶಿಫಾರಸಿಗೆ ಬಂದ ಎನ್ನುತ್ತಾರಂತೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನೀವು ಎಂತದೂ ಯೋಚನೆ ಮಾಡ್ಬೇಡಿ ಮೇಷ್ಟ್ರೇ. ಫೈನಲಿಗೆ ಹೋದರೂ ಅವನನ್ನೇ ಹಾಕಿ, ವೆಕೆಸಾನನ್ನು. ನಮ್ಮವ ಆಡಿ ಗೆದ್ದರೆ ಯಾರಿಗೂ ನೆನಪಿರುದಿಲ್ಲ. ಸೋತರೆ ಮಾತ್ರ ನನ್ನ ಕಾರ್ಖಾನೆಯ ಗೇಟಿನವನೂ ನೆನಪಿಡ್ತಾನೆ. ಇಪ್ಪತ್ತೆರಡು ವರ್ಷ ಆಯ್ತು ನಾನು ಇಲ್ಲಿಗೆ ಬಂದು. ಒಬ್ಬನ ಕೈಯಿಂದ ಒಂದು ಮಾತು ಕೇಳಿಸ್ಕೊಂಡಿಲ್ಲ."

ನಾನು ಅವರ ಕೈ ಕುಲುಕಿದೆ. ಮಗನಿಗಿಂತ ನ್ಯಾಯವನ್ನು ದೊಡ್ಡದಾಗಿ ಕಾಣುವ ತಂದೆ. ಇಂಥವರು ನಮ್ಮವರೆಂದು ಹೇಳಿಕೊಳ್ಳಲು ಸಂತೋಷ. ಇದು ಅವನ ಕೊನೆಯ ವರ್ಷ ಎಂದು ಜೂಡಿತ್ ಒಳಗೆ ಕಮಲಾಕ್ಷಿಗೆ ಹೇಳುತ್ತಿದ್ದುದು ಕೇಳಿಸಿತು.

ಜೂನ್ 19, ಶುಕ್ರವಾರ

ಅಭ್ಯಾಸ ಪಂದ್ಯ ಮುಗಿಸಿ ಬರುವಾಗ ಬಸ್ಸು ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿಗಳ ನಡುವೆ ಒಂದೂಕಾಲು ಗಂಟೆ ನಿಂತಿತು. ವೆಕೆಸಾ, ನಿಕೋಲಸ್ ಇಬ್ಬರೂ ಕಿಮಾನಿಯ ಗಾಡಿಯಲ್ಲಿ ಮೊದಲೇ ಹೋಗಿದ್ದರು. ಬಸ್ಸಿನಲ್ಲಿ ಇದ್ದವರು ಪಂದ್ಯ ನೋಡಲು ಬಂದ ಹುಡುಗ ಹುಡುಗಿಯರು. ನಾನು ಡ್ರೈವರಿನ ಹಿಂದಿನ ಸೀಟಿನಲ್ಲಿ. ಬೇರೆ ದಿನವಾಗಿದ್ದರೆ ಮಾತಿನ ಮೊದಲನೆಯ ತುತ್ತು ನನ್ನದೇ ಆಗುತ್ತಿತ್ತು. ಇಂದು ನಾನಿರುವುದನ್ನೇ ಅವರು ಮರೆತರು.

ವೆಕೆಸಾನ ಕಡೆಯವರು ಎಡಗಡೆ, ನಿಕೊ ಕಡೆಯವರು ಬಲಗಡೆ. ಎಡದಿಂದ ಒಬ್ಬ, "ವೆಕೆಸಾ ಮೂವರನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡ್ತಾನೆ, ನಿಮ್ಮ ನಿಕೊ ಸ್ಕೂಲ್ ಬ್ಯಾಗ್ ಹೊತ್ತರೆ ಬೀಳ್ತಾನೆ," ಎಂದ. ಬಲದಿಂದ ನನ್ನ ಲೆಕ್ಕದ ತರಗತಿಯ ಸೆಲಿನ್ ಎದ್ದು ನಿಂತಳು. ತರಗತಿಯಲ್ಲಿ ಬಾಯೇ ತೆರೆಯದ ಹುಡುಗಿ.

"ಹೊರೋದು ಯಾಕೆ? ನಿಕೊ ಚೆಂಡು ಬಿಟ್ಟಾಗ ಮೂವರೂ ಅವನನ್ನು ಹಿಡ್ಕೊಂಡಿರ್ತಾರೆ, ಚೆಂಡು ಬೇರೆ ಕಡೆ ಓಡ್ತಿರುತ್ತೆ. ವೆಕೆಸಾ ಆಡುವಾಗ ಉಳಿದ ಹದಿನಾಲ್ಕು ಜನ ಪ್ರೇಕ್ಷಕರು. ಅವರಿಗೂ ಟಿಕೆಟ್ ಕೊಡಬೇಕು."

"ಒದೆಯೋದಕ್ಕೆ? ನಲವತ್ತು ಮೀಟರಿನಿಂದ ಒದೀತಾನಾ ನಿಮ್ಮ ನಿಕೊ?"

"ಒದೆಯೋಲ್ಲ. ಒಪ್ಪಿದೆ," ಎಂದಳು ಸೆಲಿನ್. ಅವಳು ಒಪ್ಪಿಕೊಂಡ ರೀತಿ ನನಗೆ ಮೆಚ್ಚುಗೆಯಾಯಿತು. ವಾದದಲ್ಲಿ ಎದುರಾಳಿಯ ಒಂದು ಮಾತನ್ನು ಒಪ್ಪಿಕೊಂಡವರನ್ನು ನಾನು ನೋಡಿ ಬಹಳ ದಿನವಾಗಿತ್ತು, ಅಥವಾ ಗಮನಿಸಿರಲಿಲ್ಲ.

ಆಗ ಹಿಂದಿನ ಸೀಟಿನಿಂದ ಒಬ್ಬ ಕೇಳಿದ: "ಅಷ್ಟು ಚೆನ್ನಾಗಿ ಆಡೋನಾದರೆ ಮೂರು ವರ್ಷದಿಂದ ಯಾಕೆ ಕೂರಿಸಿದ್ದಾರೆ?"

ಲಾರೆನ್ಸ್ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ ಹೇಳಿದ, "ಅವನೂ ಪೇಟ್ರನ್ನೂ ಒಂದೇ ಭಾಷೆಯವರು. ಅದೇ ಅವನ ತಪ್ಪು. ಅವನು ಲುವೋ ಬುಡಕಟ್ಟಿನವನಾಗಿದ್ದರೆ ಮೊದಲ ವರ್ಷವೇ ಆಡ್ತಿದ್ದ, ಕಿಕುಯು ಆಗಿದ್ದರೂ ಆಡ್ತಿದ್ದ."

ಯಾರೋ ಯಾರಿಗೋ ಮೊಣಕೈಯಿಂದ ತಿವಿದರು. ಲಾರೆನ್ಸ್ ನನ್ನನ್ನು ಕನ್ನಡಿಯಲ್ಲಿ ನೋಡಿದ. ಕಣ್ಣು ತಪ್ಪಿಸಲಿಲ್ಲ. "ಪೋಲೆ, ಮ್ವಾಲಿಮು," ಎಂದ, ಕ್ಷಮಿಸಿ ಎನ್ನುವುದಕ್ಕೆ.

ಸ್ಲೇಟಿನಲ್ಲಿ ಏನೂ ಬರೆಯಲಿಲ್ಲ. ಬಳಪ ತುಂಡಾಗಿತ್ತು.

ಜೂನ್ 20, ಶನಿವಾರ

ಡ್ರೈವರುಗಳಿಗೆ ಸಲಿಗೆ ಕೊಡಬಾರದು.

ಜೂನ್ 27, ಶನಿವಾರ

ಸೆಮಿಫೈನಲ್, ನಮ್ಮದೇ ಮೈದಾನದಲ್ಲಿ. ಮೋಡ, ಚಳಿ. ಹುಬ್ಬಿನ ಹೊಲಿಗೆ ಬಿಚ್ಚಿಸಿಕೊಂಡು ಬಂದ ವೆಕೆಸಾ ಆಡಿದ. ಹೇಗೆ ಆಡಿದ ಎಂದು ಬರೆಯಲು ನನ್ನ ಹತ್ತಿರ ಶಬ್ದವಿಲ್ಲ. ನಡು ಮೈದಾನದಿಂದ ಚೆಂಡು ಹಿಡಿದು ಒಬ್ಬನೇ ಹೊರಟ. ಅಡ್ಡ ಬಂದವರು ಹುಲ್ಲಿನ ಮೆದೆಗೆ ಹೋರಿ ನುಗ್ಗಿದಾಗ ಹುಲ್ಲು ಚೆದರಿದ ಹಾಗೆ ಎರಡೂ ಕಡೆ ಬಿದ್ದರು. ನಾಲ್ಕು ಸಲ ಕಂಬಗಳ ನಡುವೆ ಒದ್ದ. ಇಂಗ್ಲಿಷಿನ ಎಚ್ ಅಕ್ಷರದ ಹಾಗಿರುವ ಆ ಕಂಬಗಳ ಅಡ್ಡಪಟ್ಟಿಯ ಮೇಲಿಂದ ಚೆಂಡು ದಾಟಬೇಕು. ಅವನು ಒದ್ದ ಚೆಂಡು ಕಂಬದ ಆಚೆಯ ನೀಲಗಿರಿ ಮರಗಳನ್ನೂ ದಾಟಿತು. ಗೆದ್ದೆವು.

ಕೂಗಲು ಆಗದ್ದರಿಂದ ಸುಮ್ಮನೆ ನೋಡುತ್ತಿದ್ದೆ. ಮೂರು ವರ್ಷದಲ್ಲಿ ನಾನು ಬೆಂಚನ್ನು ನೋಡಿದ್ದು ಇದೇ ಮೊದಲು. ಪ್ರತಿ ಸಲ ವೆಕೆಸಾ ಒದೆಯುವ ಮುಂಚೆ ನಿಕೋಲಸ್ ಬೆಂಚಿನಿಂದ ಮರಳಿನ ಬಕೆಟ್ಟು ಹಿಡಿದು ಓಡುತ್ತಾನೆ. ಚೆಂಡು ನಿಲ್ಲಿಸಲು ಮರಳಿನ ಸಣ್ಣ ಗುಡ್ಡೆ ಬೇಕು. ಮೊಣಕಾಲೂರಿ, ಅಂಗೈಯಿಂದ ಗುಡ್ಡೆ ತಟ್ಟಿ, ತುದಿಯನ್ನು ಬೆರಳಿನಿಂದ ಒತ್ತಿ, ಹುಲ್ಲು ಕಿತ್ತು ಗಾಳಿಗೆ ಹಾರಿಸಿ ವೆಕೆಸಾನಿಗೆ ಏನೋ ಹೇಳುತ್ತಾನೆ. ವೆಕೆಸಾ ಪ್ರತಿ ಸಲವೂ ಅವನ ಮಾತು ಕೇಳಿ ಒಂದು ಹೆಜ್ಜೆ ಆಚೆಗೋ ಈಚೆಗೋ ನಿಲ್ಲುತ್ತಾನೆ.

ಪಂದ್ಯ ನಡೆಯುವಾಗ ನಿಕೋಲಸನ ಕೈ ತೊಡೆಯ ಮೇಲೆ ಆಡುತ್ತಿತ್ತು. ಚೆಂಡು ಯಾರಿಗೆ ಹೋಗಬೇಕೋ ಆ ಕಡೆಗೆ ಬೆರಳು ಮೊದಲೇ ತಿರುಗುತ್ತಿತ್ತು. ಹನ್ನೆರಡು ಸಲ ಎಣಿಸಿದೆ. ಒಂಬತ್ತು ಸಲ ಚೆಂಡು ಆ ಕಡೆ ಹೋಗಲಿಲ್ಲ. ಆ ಒಂಬತ್ತು ಸಲವೂ ಅಲ್ಲಿ ಒಬ್ಬ ಹುಡುಗ ಖಾಲಿ ನಿಂತಿದ್ದ.

ಎಣಿಸಿದ್ದು ಯಾಕೋ ಗೊತ್ತಿಲ್ಲ. ಲೆಕ್ಕದ ಮೇಷ್ಟ್ರ ಚಪಲ.

ಜುಲೈ 1, ಬುಧವಾರ

ಜೂಡಿತ್ ಕಳಿಸಿದ, ಸಣ್ಣ ಎಂಬ ಮಂಗಳೂರಿನ ಇಡ್ಲಿಗಳನ್ನು ತೆಗೆದುಕೊಂಡು ನಿಕೋಲಸ್ ಮನೆಗೆ ಬಂದಿದ್ದ. ಗಂಟಲಿಗೆ ಮೆತ್ತಗೆ ಇಳಿಯುತ್ತವೆ ಎಂದು ಅವರು ಕಳಿಸಿದ್ದು. ಹುಡುಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಮಲಾಕ್ಷಿ ಕಾಫಿ ಕೊಟ್ಟಳು. ಅವನು ಲೋಟ ಹಿಡಿದುಕೊಂಡು ಕೂತ.

ಸ್ಲೇಟಿನಲ್ಲಿ ಬರೆದೆ: ನನ್ನ ಮೇಲೆ ಕೋಪವಾ?

ಓದಿ ನಕ್ಕ. "ನೋ, ಅಂಕಲ್. ಯು ಹ್ಯಾವ್ ಟು ಬಿ ಕೇರ್‌ಫುಲ್. ಡ್ಯಾಡಿ ಎಕ್ಸ್‌ಪ್ಲೇನ್ಡ್ ಇನ್ ಫಸ್ಟ್ ಇಯರ್." ಆಮೇಲೆ ಲೋಟ ನೋಡುತ್ತ, ವೆಕೆಸಾ ಈಸ್ ರಿಯಲಿ ಗುಡ್ ಎಂದ. ನಿಜವಾಗಿ ಮೆಚ್ಚಿ ಹೇಳಿದ ಮಾತು.

ಹಾಗಾದರೆ ಮೊದಲ ವರ್ಷದಿಂದ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ದಿನ ಐದೂವರೆಗೆ ಎದ್ದು ಅಭ್ಯಾಸಕ್ಕೆ ಬಂದಿದ್ದಾನೆ. ಕಂಡಾಗಲೆಲ್ಲ ನಾನು ಮಾತಾಡಿಸುವ ಮುಂಚೆಯೇ ಕೈಮುಗಿದಿದ್ದಾನೆ. ಬಕೆಟ್ಟು ಹೊತ್ತಿದ್ದಾನೆ.

ಅವನು ಹೋದಮೇಲೆ ಕಮಲಾಕ್ಷಿ ಲೋಟ ತೊಳೆಯುತ್ತ ಹೇಳಿದಳು: "ನೀವು ಆ ಹುಡುಗನಿಗೆ ಮಾಡಿದ್ದು ನ್ಯಾಯ ಅಲ್ಲ ಕಣ್ರೀ. ನಿಮ್ಮ ಹೆಸರು ಕಾಪಾಡ್ಕೊಂಡ್ರಿ, ಅಷ್ಟೇ. ಹೇಳೋಣ ಅಂದ್ರೆ ಇಷ್ಟು ವರ್ಷ ನೀವು ಬಾಯಿ ಮುಚ್ಚಿದ್ದೇ ಇಲ್ಲ."

ಸಾರು ಇವತ್ತು ಬಹಳ ಖಾರವಾಗಿತ್ತು.

ಜುಲೈ 5, ಭಾನುವಾರ

ನಿದ್ದೆ ಸರಿಯಿಲ್ಲ.

ಜುಲೈ 8, ಬುಧವಾರ

ಅಭ್ಯಾಸ ನೋಡಲು ಹೋಗಿದ್ದೆ. ಲಾರೆನ್ಸ್ ಬಸ್ಸಿನ ಚಕ್ರಕ್ಕೆ ಒರಗಿ ಕೂತಿದ್ದ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಒಂದು ಗಂಟೆ ಅವನು ಮಾತಾಡಿದ, ನಾನು ಕೇಳಿದೆ. ಆಟದ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ಕಿಸುಮುವಿನಲ್ಲಿ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದನಂತೆ. ವೆಕೆಸಾನನ್ನು ಅವನೂ ನನ್ನಷ್ಟೇ ಮೆಚ್ಚುತ್ತಾನೆ. "ಇಬ್ಬರೂ ಒಂದೇ ಸಾಲಿನಲ್ಲಿ ಹುಟ್ಟಿದ್ದು ನಮ್ಮ ಅದೃಷ್ಟ, ಅವರ ದುರದೃಷ್ಟ," ಎಂದ. "ಹತ್ತನೇ ಅಂಗಿ ಒಂದೇ ಇರೋದು."

ಜುಲೈ 13, ಸೋಮವಾರ

ನಾಡಿದ್ದು ಆಯ್ಕೆ. ಸಂಜೆ ಲ್ಯಾಬಿನ ಕಾರಿಡಾರಿನಲ್ಲಿ ವೆಕೆಸಾ ನನ್ನನ್ನು ತಡೆದ. ನನಗಿಂತ ಒಂದು ಗೇಣು ಎತ್ತರ. ಹುಬ್ಬಿನ ಗಾಯ ಇನ್ನೂ ಕೆಂಪಗಿದೆ. ಏನೋ ಬಾಯಿಪಾಠ ಮಾಡಿಕೊಂಡು ಬಂದವನಂತೆ ನಿಂತ.

"ಮ್ವಾಲಿಮು, ನಾನು ಆಡಬೇಕು. ಫೈನಲ್ ಆಡಬೇಕು ಅಂತ ನಾಲ್ಕು ವರ್ಷದಿಂದ ಕಾದಿದ್ದೀನಿ. ನಿಕೊಗೆ ಕೊಡಿ ಅಂತ ಹೇಳೋಕೆ ಬಂದಿಲ್ಲ. ಹೇಳೋದೂ ಇಲ್ಲ."

ತಲೆಯಾಡಿಸಿದೆ.

"ಆದರೆ ನನ್ನನ್ನು ಆರಿಸಿದರೆ ನಾನು ಚೆನ್ನಾಗಿ ಆಡ್ತೀನಿ ಅಂತ ಆರಿಸಿ. ಅವನು ನಿಮ್ಮವನು ಅಂತ ನನ್ನನ್ನು ಆರಿಸಬೇಡಿ. ಹುಡುಗರು ಹಾಗೆ ಮಾತಾಡ್ತಾರೆ. ಮೂರು ವರ್ಷದಿಂದ ನಾನು ಅಂಗಿ ಹಾಕಿಕೊಳ್ಳುವಾಗೆಲ್ಲ ಇದು ನನಗೆ ಬಂದದ್ದಾ, ಅವನಿಗೆ ತಪ್ಪಿದ್ದಾ ಅಂತ ಗೊತ್ತಾಗೋದಿಲ್ಲ."

ಅಷ್ಟು ಹೇಳಿ ಹೊರಟುಹೋದ. ಗಂಟಲು ಸರಿಯಿದ್ದಿದ್ದರೆ ಏನಾದರೂ ಹೇಳಿಬಿಡುತ್ತಿದ್ದೆ. ಭುಜ ತಟ್ಟಿ, ಒಂದು ಕಥೆ ಹೇಳಿ, ನಗಿಸಿ ಕಳಿಸಿಬಿಡುತ್ತಿದ್ದೆ.

ಇಪ್ಪತ್ತೆರಡು ವರ್ಷದ ಹುಡುಗ.

ಜುಲೈ 15, ಬುಧವಾರ

ಆಯ್ಕೆ ಮಧ್ಯಾಹ್ನ ಎರಡಕ್ಕೆ, ಕಿಮಾನಿಯ ಕೋಣೆಯಲ್ಲಿ. ಕಿಮಾನಿ ವೆಕೆಸಾ ಎಂದ. ಕ್ಯಾಪ್ಟನ್ ನಿಕೋಲಸ್ ಎಂದ. ನಂತರ ಇಬ್ಬರೂ ನನ್ನನ್ನು ನೋಡಲೇ ಇಲ್ಲ. ಕಿಮಾನಿ ಆಗಲೇ ಪಟ್ಟಿಯಲ್ಲಿ ಹತ್ತರ ಮುಂದೆ ವೆಕೆಸಾನ ಹೆಸರಿನ ಮೊದಲ ಅಕ್ಷರ ಬರೆದಿದ್ದ. ಪ್ರಶ್ನೆಯೇ ಇಲ್ಲ ಎಂಬಂತೆ.

ಸ್ಲೇಟನ್ನು ಮೊಣಕಾಲ ಮೇಲಿಟ್ಟುಕೊಂಡೆ. ನಕೂರು, ಮೂರು ಟ್ರೈ, ಒಂಬತ್ತು ಸಲ ಖಾಲಿ ನಿಂತ ಹುಡುಗ. ಇನ್ನೊಂದು ಕಡೆ ನೀಲಗಿರಿ ಮರ ದಾಟಿದ ಚೆಂಡು. ಯಾರು ಯಾವ ಊರಿನವರು ಎಂಬುದನ್ನು ಬಿಟ್ಟು ಆಟವನ್ನಷ್ಟೇ ತೂಗಲು ನೋಡಿದೆ. ಫೈನಲ್ಲಿನ ಎದುರಾಳಿಗಳಾದ ಎಲ್ಡೊರೆಟ್ಟಿನವರು ವೆಕೆಸಾನಿಗೆಂದೇ ಮೂವರನ್ನು ಇಟ್ಟಿರುತ್ತಾರೆ. ನಿಕೋಲಸನಿಗೆ ಎಷ್ಟು ಮಂದಿ ಇಡಬೇಕೆಂದು ಅವರಿಗೆ ಗೊತ್ತಿಲ್ಲ.

ನಿಕೋಲಸ್ ಎಂದು ಬರೆದೆ.

ಕಿಮಾನಿ ಸ್ಲೇಟನ್ನು ಎರಡು ಸಲ ಓದಿದ. "ಆರ್ ಯು ಶೂರ್, ನರಸಿಂಹ?" ಎಂದ. ನಂತರ ಆ ಅಕ್ಷರವನ್ನು ನೀಟಾಗಿ ಹೊಡೆದುಹಾಕಿದ. ಕ್ಯಾಪ್ಟನ್ ಕಿಟಕಿಯ ಆಚೆ ನೋಡುತ್ತಿದ್ದ. ಅವನ ತುಟಿಯಂಚಿನಲ್ಲಿ ನಗುವಿತ್ತು.

ಜುಲೈ 16, ಗುರುವಾರ

ಆಲ್ಫೋನ್ಸ್ ಫೋನ್ ಮಾಡಿದರು. ನಾನು ಮಾತಾಡುವ ಹಾಗಿಲ್ಲವೆಂದು ಅವರಿಗೆ ಗೊತ್ತು. ಆದ್ದರಿಂದ ಅವರೊಬ್ಬರೇ ಮಾತಾಡಿದರು.

"ಎಂತ ಮಾಡಿದ್ರಿ ಮೇಷ್ಟ್ರೇ ನೀವು? ನಾನು ಬೇಡ ಬೇಡ ಅಂತ ಬಡ್ಕೊಂಡೆ. ಅವನು ಸೋತರೆ ನನ್ನದೂ ಹೋಯ್ತು, ನಿಮ್ಮದೂ ಹೋಯ್ತು. ನಾನು ಬರುದಿಲ್ಲ ಮ್ಯಾಚಿಗೆ. ಜೂಡಿತ್‌ಗೂ ಬರುದು ಬೇಡ ಅಂತ ಹೇಳಿದ್ದೇನೆ." ಆಮೇಲೆ ದನಿ ತಗ್ಗಿಸಿದರು. "ಅವ ನಿನ್ನೆಯಿಂದ ಊಟ ಮಾಡ್ಲಿಲ್ಲ. ಹೆದರಿ ಅಲ್ಲ. ಖುಷಿಗೆ." ಫೋನ್ ಇಟ್ಟರು.

ಜುಲೈ 17, ಶುಕ್ರವಾರ

ಚಿದಾನಂದ ಟಾರ್ಚು ಬಿಟ್ಟು ಗಂಟಲು ನೋಡಿದ. "ಕ್ಲೀನ್. ನಾಳೆಯಿಂದ ದಿನಕ್ಕೆ ಇಪ್ಪತ್ತು ನಿಮಿಷ ಮಾತಾಡು. ಕೂಗಬೇಡ. ಎಲ್ಲಿ, ಒಂದು ಮಾತು ಆಡು ನೋಡೋಣ."

ಏನು ಆಡುವುದೆಂದು ಹೊಳೆಯಲಿಲ್ಲ. ಕೊನೆಗೆ ಅವನ ಹೆಸರು ಹೇಳಿದೆ. ಬೇರೆ ಯಾರದೋ ಧ್ವನಿಯಂತಿತ್ತು. ಆಲ್ಫೋನ್ಸ್ ಸಿಟ್ಟಾಗಿದ್ದಾರೆ, ನೀನು ಗೊತ್ತಿದ್ದೂ ಗೊತ್ತಿದ್ದೂ ಕೈ ಸುಟ್ಟುಕೊಂಡೆ ಎಂದು ಚಿದಾನಂದ ಬಹಳ ಹೊತ್ತು ಬೈದ. ಬೈಯುವಾಗ ಅವನ ಎಡಗಣ್ಣು ಸಣ್ಣಗಾಗುತ್ತದೆ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಇದನ್ನು ನೋಡಿಯೇ ಇರಲಿಲ್ಲ.

ಜುಲೈ 18, ಶನಿವಾರ

ಬೆಳಗಿನಿಂದ ಒಂದು ಮಾತೂ ಆಡದೆ ಇಪ್ಪತ್ತು ನಿಮಿಷವನ್ನೂ ಉಳಿಸಿಕೊಂಡಿದ್ದೆ. ಸಂಜೆ ಆರಕ್ಕೆ ಕಮಲಾಕ್ಷಿಯನ್ನು ಕರೆದುಕೊಂಡು ಮಟಾಟು ವ್ಯಾನು ಹತ್ತಿ ಹರ್ಲಿಂಗ್‌ಹ್ಯಾಮಿಗೆ, ಆಲ್ಫೋನ್ಸರ ಮನೆಗೆ ಹೋದೆ. ಚಿದಾನಂದನೂ ಬಂದ. ನಿಕೋಲಸ್ ಇನ್ನೂ ಹುಡುಗರ ಜೊತೆ ಹಾಸ್ಟೆಲಿನಲ್ಲಿದ್ದ. ಸೋತ ಸುದ್ದಿ ಫೋನಿನಲ್ಲಿ ಆಗಲೇ ಬಂದಿತ್ತು. ಆಲ್ಫೋನ್ಸ್ ಬಾಗಿಲು ತೆರೆದು ಕುರ್ಚಿ ತೋರಿಸಿದರು. ನಾನು ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ನ್ಗಾಂಗ್ ರಸ್ತೆಯ ಮೈದಾನ. ಬೆಳಿಗ್ಗೆ ಜಿನುಗಿದ ಮಳೆಗೆ ನೆಲ ಒದ್ದೆ. ನಿಕೋಲಸ್ ಹತ್ತನೇ ಅಂಗಿ ಹಾಕಿಕೊಂಡು ಬಂದಾಗ ನಮ್ಮ ಕಡೆಯವರಲ್ಲೇ ಅರ್ಧ ಜನ ಸುಮ್ಮನಿದ್ದರು. ಒಬ್ಬ ವೆಕೆಸಾ, ವೆಕೆಸಾ ಎಂದು ಕೂಗಿದ. ಬೆಂಚಿನಲ್ಲಿದ್ದ ವೆಕೆಸಾ ಎದ್ದು ಅವನ ಕಡೆ ತಿರುಗಿ ಬಾಯಿಯ ಮೇಲೆ ಬೆರಳಿಟ್ಟ.

ಮೊದಲ ಅರ್ಧದಲ್ಲಿ ಹುಡುಗ ಏನು ಆಡಿದ ಎಂದು ಹೇಳಲಿ? ಎಲ್ಡೊರೆಟ್ಟಿನವರು ದೊಡ್ಡ ಆಳುಗಳು. ಅವರು ಅವನ ಮೇಲೆ ಬೀಳುವಷ್ಟರಲ್ಲಿ ಚೆಂಡು ಇರುತ್ತಿರಲಿಲ್ಲ. ಮಣ್ಣಿನಿಂದ ಏಳುತ್ತ ಏಳುತ್ತಲೇ ಚೆಂಡು ಹೋದ ಕಡೆ ನೋಡಿ ನಗುತ್ತಿದ್ದ. ಮೈದಾನದ ಅಂಚಿನಲ್ಲಿ ಆಡುವ ನಮ್ಮ ಹುಡುಗನೊಬ್ಬ ವರ್ಷವಿಡೀ ಚೆಂಡು ಮುಟ್ಟದೆ ಚಳಿಗೆ ಕೈ ಉಜ್ಜಿಕೊಂಡು ನಿಲ್ಲುತ್ತಿದ್ದ. ಅವನಿಂದ ಎರಡು ಟ್ರೈ. ಇನ್ನೊಬ್ಬನಿಂದ ಒಂದು. ಹನ್ನೆರಡು ಅಂಕ. ಸುಮ್ಮನಿದ್ದ ಅರ್ಧ ಜನ ಎದ್ದು ನಿಂತರು. ಕೂಗಬೇಡ ಎಂದು ಚಿದಾನಂದ ಹೇಳಿದ್ದು ನೆನಪಾಗಿ ನಾನು ಲಾರೆನ್ಸಿನ ಬೆನ್ನು ಗುದ್ದಿದೆ.

ಎರಡನೇ ಅರ್ಧದಲ್ಲಿ ಅವರು ಮೆಲ್ಲಗೆ ಹತ್ತಿರ ಬಂದರು. ದಾಟಿದರು. ಹದಿಮೂರು, ಹನ್ನೆರಡು. ಕೊನೆಯ ನಿಮಿಷ. ಅವರದೊಂದು ತಪ್ಪಿಗೆ ನಮಗೆ ಪೆನಾಲ್ಟಿ ಸಿಕ್ಕಿತು. ಅಲ್ಲಿಂದಲೇ ಕಂಬಗಳ ನಡುವೆ ಒದ್ದರೆ ಮೂರು ಅಂಕ, ಕಪ್ಪು ನಮ್ಮದು. ಆದರೆ ಜಾಗ ನಲವತ್ತು ಮೀಟರಿಗೂ ದೂರ, ಗಾಳಿ ಎದುರು. ಅದು ವೆಕೆಸಾನ ಒದೆತ. ನಿಕೋಲಸನದಲ್ಲ. ಇಡೀ ಮೈದಾನಕ್ಕೆ ಗೊತ್ತಿತ್ತು.

ಕಿಮಾನಿ ಗೆರೆಯ ಪಕ್ಕದಿಂದ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ: "ನಿಕೊ, ಕಾಲು ಹಿಡ್ಕೊಂಡು ಮಲಗು." ಗಾಯವಾದರೆ ಬದಲಿ ಇಳಿಯಬಹುದಲ್ಲ. ಎಲ್ಲ ತಂಡದವರೂ ಮಾಡುವ ಉಪಾಯವೇ. ನಿಕೋಲಸ್ ಕೋಚನ್ನು ನೋಡಿದ, ಬೆಂಚನ್ನು ನೋಡಿದ. ಅವನ ಮೊಣಕಾಲು ಬಾಗಿತು. ಅದನ್ನು ನಾನು ಕಂಡೆ. ಕಿಮಾನಿ ವೆಕೆಸಾನ ಕಡೆ ತಿರುಗಿ, "ಟ್ರ್ಯಾಕ್‌ಸೂಟ್ ತೆಗಿ," ಎಂದ.

ವೆಕೆಸಾ ಎದ್ದ. ಟ್ರ್ಯಾಕ್‌ಸೂಟ್ ತೆಗೆಯಲಿಲ್ಲ. ಬೆಂಚಿನ ಕೆಳಗಿದ್ದ ಮರಳಿನ ಬಕೆಟ್ಟು ತೆಗೆದುಕೊಂಡು ಮೈದಾನದೊಳಕ್ಕೆ ಓಡಿದ. ನಾಲ್ಕು ವರ್ಷ ಕಾದ ಹುಡುಗ. ನಿಕೋಲಸನ ಮುಂದೆ ಮೊಣಕಾಲೂರಿ ಮರಳು ಸುರಿದು ಗುಡ್ಡೆ ಕಟ್ಟತೊಡಗಿದ. ಅಭ್ಯಾಸವಿಲ್ಲದ ಕೈ, ಗುಡ್ಡೆ ಸೊಟ್ಟಗಾಯಿತು. ಇಬ್ಬರೂ ಅದನ್ನು ನೋಡಿ ನಕ್ಕರು. ಕೆಡವಿ ಮತ್ತೆ ಕಟ್ಟಿದ. ಹುಲ್ಲು ಕಿತ್ತು ಹಾರಿಸಿದ. ಏನೋ ಹೇಳಿದ. ನಿಕೋಲಸ್ ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತ.

"ಏನು ಹೇಳಿದನಂತೆ?" ಎಂದು ಜೂಡಿತ್ ಕೇಳಿದರು. ಗೊತ್ತಿಲ್ಲ ಎಂದೆ. ಕೇಳಿ ತಿಳಿದುಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಒದ್ದ. ಚೆಂಡು ನೆಟ್ಟಗೆ ಹೋಯಿತು. ಅಷ್ಟು ನೆಟ್ಟಗೆ ಹೋದದ್ದನ್ನು ನಾನು ನೋಡಿಲ್ಲ. ಎರಡು ಕಂಬದ ಸರಿಯಾದ ನಡುವಿಗೆ ಹೋಗಿ, ಅಡ್ಡಪಟ್ಟಿಗೆ ಬಡಿದು, ಈಚೆಗೆ ಬಿತ್ತು. ಒಂದು ಗೇಣು ಸಾಲಲಿಲ್ಲ.

ವೆಕೆಸಾ ಬಕೆಟ್ಟು ಹಿಡಿದ ಕೈಯಲ್ಲೇ ಅವನನ್ನು ಎತ್ತಿಕೊಂಡ. ಎಲ್ಡೊರೆಟ್ಟಿನವರು ಕಪ್ಪು ತೆಗೆದುಕೊಳ್ಳಲು ಹೋಗದೆ ಅವರಿಬ್ಬರಿಗೆ ಚಪ್ಪಾಳೆ ತಟ್ಟುತ್ತ ನಿಂತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಮತ್ತೆ ಅದೇ ಜಗಳ. ವೆಕೆಸಾ ಆಗಿದ್ದರೆ ದಾಟಿಸುತ್ತಿದ್ದ ಎಂದು ಎಡಗಡೆ. ವೆಕೆಸಾ ಆಗಿದ್ದರೆ ಹನ್ನೆರಡು ಅಂಕವೇ ಬರುತ್ತಿರಲಿಲ್ಲ ಎಂದು ಬಲಗಡೆ. ಮುಹಿಂದಿ ಎಂದು ಯಾರಾದರೂ ಅಂದರೋ ಇಲ್ಲವೋ ಗೊತ್ತಿಲ್ಲ. ನಾನು ಅದಕ್ಕೆ ಕಿವಿಗೊಡಲು ಮರೆತಿದ್ದೆ.

ಇಷ್ಟು ಹೇಳಿ ನಿಲ್ಲಿಸಿದೆ. ಹತ್ತೊಂಬತ್ತು ನಿಮಿಷವಾಗಿತ್ತು. ಆಲ್ಫೋನ್ಸ್ ಕುರ್ಚಿಯ ಕೈ ಹಿಡಿದು ಕೂತಿದ್ದರು.

ಜುಲೈ 19, ಭಾನುವಾರ

ಬೆಳಿಗ್ಗೆ ಏಳಕ್ಕೆ ಆಲ್ಫೋನ್ಸರ ಕಾರು ನಮ್ಮ ಬಾಗಿಲಲ್ಲಿ ಬಂದು ನಿಂತಿತು. ಆಲ್ಫೋನ್ಸ್ ಚರ್ಚಿನ ಪೂಜೆಗೆ ಹೊರಟ ಕೋಟಿನಲ್ಲಿ, ಜೂಡಿತ್ ಒಳ್ಳೆಯ ಸೀರೆಯಲ್ಲಿ. ಹಿಂದಿನ ಸೀಟಿನಲ್ಲಿ ಚಿದಾನಂದ ನಿದ್ದೆಗಣ್ಣಿನಲ್ಲಿದ್ದ. ಅವನನ್ನೂ ಎಬ್ಬಿಸಿ ತಂದಿದ್ದರು.

"ಬನ್ನಿ ಮೇಷ್ಟ್ರೇ, ಜಾಗ ತೋರಿಸಿ," ಎಂದರು ಆಲ್ಫೋನ್ಸ್.

ನ್ಗಾಂಗ್ ರಸ್ತೆಯ ಮೈದಾನದಲ್ಲಿ ಕಾವಲುಗಾರನೊಬ್ಬನೇ ಇದ್ದ. ಒದ್ದೆ ಹುಲ್ಲಿನಲ್ಲಿ ಮರಳಿನ ಗುರುತು ಇನ್ನೂ ಇತ್ತು. ನಾನು ಅಲ್ಲಿ ಹೋಗಿ ನಿಂತೆ. ಆಲ್ಫೋನ್ಸ್ ನನ್ನ ಪಕ್ಕದಲ್ಲಿ ನಿಂತು ಕಂಬಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೊಂಕಣಿಯಲ್ಲಿ ಎಣಿಸುತ್ತ ನಡೆದರು. ಏಕ್, ದೋನ್, ತೀನ್. ಜೂಡಿತ್ ಸೀರೆ ಎತ್ತಿ ಹಿಡಿದು ಹಿಂದೆ ಹೋದರು, ಚಿದಾನಂದ ಅವರ ಹಿಂದೆ. ಐವತ್ತೆಂಟು ಹೆಜ್ಜೆಯಾಯಿತು.

ಅಡ್ಡಪಟ್ಟಿಯ ಬಿಳಿ ಬಣ್ಣದ ನಡುವೆ ಅಂಗೈಯಷ್ಟು ಕೆಂಪು ಮಣ್ಣಿನ ಗುರುತಿತ್ತು.

"ಸ್ವಲ್ಪ ಮೇಲೆ ಹೋಗಿದ್ದರೆ," ಎಂದ ಚಿದಾನಂದ.

"ಅದು ಇರ್ಲಿ ಡಾಕ್ಟ್ರೇ," ಎಂದರು ಆಲ್ಫೋನ್ಸ್. "ಇಲ್ಲಿ ತನಕ ಬಂತಲ್ಲ."

ಕಾವಲುಗಾರ ಏಣಿ, ನೀರು, ಬಟ್ಟೆ ಹಿಡಿದು ಕಂಬ ತೊಳೆಯಲು ಬಂದ. ಆಲ್ಫೋನ್ಸ್ ಅವನ ಹತ್ತಿರ ಹೋಗಿ, ಟೋಪಿ ತೆಗೆದು, ತಮ್ಮ ಹರಕು ಸ್ವಾಹಿಲಿಯಲ್ಲಿ ಕೇಳಿಕೊಂಡರು: ಬೇರೆಲ್ಲ ತೊಳಿ, ಆ ಒಂದು ಕಡೆ ಮಾತ್ರ ಇವತ್ತು ಬಿಡು, ಹುಡುಗನ ತಾತನಿಗೆ ಫೋಟೋ ಕಳಿಸಬೇಕು, ಮಧ್ಯಾಹ್ನ ಕ್ಯಾಮೆರಾ ತರುತ್ತೇನೆ. ಅದು ನನ್ನ ಮಗ ಒದ್ದದ್ದು.

ಕಾವಲುಗಾರ ಗುರುತನ್ನೂ ಅವರನ್ನೂ ನೋಡಿ, "ಸವಾ, ಮ್ಜೇ," ಎಂದ, ಆಗಲಿ ಹಿರಿಯರೇ ಎನ್ನುವುದಕ್ಕೆ. ಏಣಿಯನ್ನು ಎಡಗಡೆಯ ಕಂಬಕ್ಕೆ ಒರಗಿಸಿದ. ಏಳೂವರೆಯ ಪೂಜೆ ಆಗಲೇ ತಪ್ಪಿತ್ತು. ನಾವು ನಾಲ್ವರೂ ಅಲ್ಲೇ ನಿಂತು ಅವನು ತೊಳೆಯುವುದನ್ನು ನೋಡುತ್ತಿದ್ದೆವು.